ಮೂವತ್ತೊಂದನೆಯ ಪುಟ

ಪುಳಕ್ಕಡವು
೧೫ ಜೂನ್ ೨೦೨೩, ಗುರುವಾರ

ಪ್ರಿಯ ರಂಸೀನಾ,

ಚಿಕ್ಕ ಮೆಮೊರಿಯನ್ನು ಮುಟ್ಟು, ದೊಡ್ಡದನ್ನು ಮುಟ್ಟಬೇಡ ಎಂಬಲ್ಲಿಗೆ ಕಳೆದ ಗುರುವಾರ ನಿಲ್ಲಿಸಿದ್ದೆನಲ್ಲ. ಅಷ್ಟರಲ್ಲಿ ನೋವು ಶಮನ ಕ್ಲಿನಿಕ್ಕಿನ ಜೀಪು ಬಂತು, ನರ್ಸ್ ಎಲ್ಸಿ ಸಿಸ್ಟರ್ ಕೈ ಚಾಚಿದರು, ಕಾಗದವನ್ನು ಅರ್ಧಕ್ಕೇ ಮಡಿಚಿ ಕೊಟ್ಟೆ. ಮುಂದಿನದು ಇದು. ಬೆಳಗಿನ ಪಟ್ಟಿ ತಯಾರಿಸುವಾಗ ಡೇಟಾಬೇಸು ತನ್ನ ಸುತ್ತ ಎಷ್ಟು ಜಾಗದಲ್ಲಿ ಕಾಗದ ಹರಡಿಕೊಂಡು ಕೂರಬಹುದು ಎನ್ನುವುದೇ ಆ ಚಿಕ್ಕ ಅಂಕಿ. ಅದನ್ನು ನಾಲ್ಕರಿಂದ ಮೂವತ್ತೆರಡಕ್ಕೆ ಏರಿಸು. ಉಳಿಸಿ, ಮತ್ತೊಮ್ಮೆ ಓದಿಕೋ ಎಂದು ಹೇಳಿದರೆ ಸಾಕು, ಓದಿಕೊಳ್ಳುತ್ತದೆ. ದೊಡ್ಡ ಅಂಕಿಯನ್ನು ಬದಲಿಸಿದರೆ ಇಡೀ ಡೇಟಾಬೇಸನ್ನು ಮಲಗಿಸಿ ಎಬ್ಬಿಸಬೇಕಾಗುತ್ತದೆ. ಅದು ಬೇಡ. ಆ ಡಿಸ್ಕಿಗೆ ಎಂಟು ವರ್ಷವಾಯಿತು. ಮಲಗಿದ್ದು ಏಳುತ್ತದೆ ಎಂಬ ಧೈರ್ಯ ನನಗಿಲ್ಲ.

ನಿನ್ನ ಕಷ್ಟ ಅರ್ಥವಾಗುತ್ತದೆ. ಏಳು ಗಂಟೆಗೆ ಗುಂಡಿ ಒತ್ತಿದರೆ ನಾನೂರು ರೋಗಿಗಳಲ್ಲಿ ಇವತ್ತು ಯಾರ ಮನೆಗೆ ಹೋಗಬೇಕು, ಯಾರ ಮಾರ್ಫಿನ್ ಮುಗಿಯುತ್ತಿದೆ, ಯಾವ ಜೀಪು ಯಾರಿಗೆ ಹತ್ತಿರ, ಎಲ್ಲ ಎರಡು ಉಸಿರಿನಲ್ಲಿ ಅಚ್ಚಾಗಿ ಬರುತ್ತಿತ್ತು. ಈಗ ಇಪ್ಪತ್ತೈದು ನಿಮಿಷ ಎನ್ನುತ್ತೀಯ. ನೋವಿನ ಮನೆಯಲ್ಲಿ ಇಪ್ಪತ್ತೈದು ನಿಮಿಷ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ಸಿ ಸಿಸ್ಟರ್ ಗೇಟಿನಲ್ಲೇ ನಿಂತು ಕೂಗಿದರು. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಫೋನಿನಲ್ಲಿ ಯಾರ ಮಾತೂ ಹತ್ತುವುದಿಲ್ಲ, ಅದಕ್ಕೇ ಈ ಕಾಗದದ ವ್ಯವಹಾರ. ಅವರು ಕೂಗಿದರೆ ನನಗಿಂತ ಮೊದಲು ಕಾಲುವೆಯ ಆಚೆ ದಡಕ್ಕೆ ಕೇಳಿಸುತ್ತದೆ.

"ಮಾಷೇ, ನಿಮ್ಮ ಆನೆಗೆ ಏನಾಗಿದೆ? ಎದ್ದು ನಿಲ್ಲೋಕೇ ಅರ್ಧ ಗಂಟೆ ತಗೊಳ್ತಾ ಇದೆ."

"ವಯಸ್ಸಾಯ್ತು ಸಿಸ್ಟರ್."

"ಆನೆಗೋ, ಮಾವುತನಿಗೋ?"

ಪೋಸ್ಟ್‌ಗ್ರೆಸ್ ಎಂಬ ಈ ಡೇಟಾಬೇಸಿನ ಲಾಂಛನ ಆನೆ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದೇ ತಪ್ಪಾಯಿತು. ಆನೆಹುಚ್ಚಿನ ನಮ್ಮ ತೃಶ್ಶೂರಿನವರ ಕಿವಿಗೆ ಬಿದ್ದಮೇಲೆ ಕೇಳಬೇಕೇ, ಮರುದಿನವೇ ಆ ಯಂತ್ರಕ್ಕೆ ಕುಟ್ಟಿಶಂಕರನ್ ಎಂದು ಹೆಸರಿಟ್ಟರು, ನನ್ನನ್ನು ಮಾವುತ ಮಾಡಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮಾಷ್ ನಾನು. ಸ್ಕೂಲುಗಳಿಗೆ ಮುಕ್ತ ತಂತ್ರಾಂಶ ಬಂದಾಗ ರಜೆಯ ಶಿಬಿರದಲ್ಲಿ ಕೂತು ಕಲಿತದ್ದು ಇದು, ನಿವೃತ್ತಿಯ ಮೇಲೆ ಕ್ಲಿನಿಕ್ಕಿಗೆ ಉಪಯೋಗವಾಯಿತು. ಇರಲಿ.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನ ಬರೆಯುವುದನ್ನು ಮರೆತಿಲ್ಲವಷ್ಟೆ? ಯಂತ್ರ ಒಮ್ಮೆಯೂ ನಿಲ್ಲದೆ ಇವತ್ತಿಗೆ ಏಳುನೂರ ಹದಿನಾಲ್ಕು ದಿನ. ಅದು ತಪ್ಪದಿರಲಿ.

ಯುವರ್ಸ್ ಸಿನ್ಸಿಯರ್ಲಿ,
ಲೋನಪ್ಪನ್

(ಗುರುತಿದ್ದವರಿಗೆ ಸಿನ್ಸಿಯರ್ಲಿ, ಗುರುತಿಲ್ಲದವರಿಗೆ ಫೇತ್‌ಫುಲಿ ಎಂದು ಕಾಲೇಜಿನಲ್ಲಿ ಫಾದರ್ ಹೇಳಿಕೊಟ್ಟಿದ್ದರು. ಅಥವಾ ತಿರುಗಾಮುರುಗವೋ. ಈಗ ನೆನಪಿಲ್ಲ.)

*

ಕ್ಲಿನಿಕ್
೨೮ ಜೂನ್ ೨೦೨೩

ಲೋನಪ್ಪನ್ ಮಾಷ್ ಅವರಿಗೆ ರಂಸೀನ ಮಾಡುವ ಸಲಾಂ.

ನಾಳೆ ಬಕ್ರೀದ್. ಮನೆಗೆ ಹೋಗಿ ಉಮ್ಮನ ಜೊತೆ ಅಕ್ಕಿಹಿಟ್ಟಿನ ಪತ್ತಿರಿ ತಟ್ಟಬೇಕಾದವಳು ಇಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಪಾಪ ಯಾರಿಗೆ ಹತ್ತುತ್ತದೋ ಅಲ್ಲಾಹುವಿಗೇ ಗೊತ್ತು.

ಚಿಕ್ಕ ಮೆಮೊರಿ ಏರಿಸಿದೆ. ಎರಡು ದಿನ ಹದಿನೆಂಟು ನಿಮಿಷಕ್ಕೆ ಇಳಿಯಿತು. ಮೂರನೇ ದಿನ ಮತ್ತೆ ಇಪ್ಪತ್ತಾರು. ಇವತ್ತು ನಲವತ್ತು. ಜೀಪು ಮೂರೂ ಅಂಗಳದಲ್ಲಿ ನಿಂತಿರುತ್ತವೆ. ನರ್ಸುಗಳು ಪ್ರಿಂಟರಿನ ಸುತ್ತ ನಿಂತು ನನ್ನ ಮುಖ ನೋಡುತ್ತಾರೆ. ಎಲ್ಸಿ ಸಿಸ್ಟರ್ ಅಂತೂ ಮಗಳನ್ನು ಕರೆದ ಹಾಗೆ ಕರೆದು ದಿನಾ ಒಂದೇ ಮಾತು: "ಮೋಳೇ, ಸ್ವಲ್ಪ ಬೆಲ್ಲ ಕೊಟ್ಟು ನೋಡು, ಎದ್ದೀತು."

ಒಂದು ಸಂದೇಹ. ನೀವು ಕೊಟ್ಟುಹೋದ ನೋಟ್‌ಬುಕ್ಕನ್ನು ಮೊದಲಿಂದ ಮತ್ತೆ ಓದಿದೆ. ಮೂವತ್ತನೇ ಪುಟದ ಕೊನೆಯ ಸಾಲು: "ಎಲ್ಲ ಸರಿಯಿದ್ದೂ ದಿನದಿನಕ್ಕೆ ನಿಧಾನವಾಗುತ್ತಿದ್ದರೆ ಮೊಟ್ಟಮೊದಲು ನೋಡಬೇಕಾದದ್ದು". ತಿರುವಿದರೆ ಮೂವತ್ತೆರಡು. ಬ್ಯಾಕಪ್ ಬಗ್ಗೆ. ಮೂವತ್ತೊಂದನೆಯ ಪುಟ ಎಲ್ಲಿ ಮಾಷೇ? ಬುಡದಲ್ಲಿ ಒಂದಿಷ್ಟು ಹರಕು ಅಂಚು ಮಾತ್ರ ಇದೆ.

ಇನ್ನೊಂದು. ಒಮ್ಮೆ ಮಲಗಿಸಿ ಎಬ್ಬಿಸಿದರೆ ಆಗದೇ? ಹೊಸ ಡಿಸ್ಕಿನ ಮೇಲೆ ಬ್ಯಾಕಪ್ ಇದೆ, ಮೂರು ಸಲ ಪರೀಕ್ಷಿಸಿದ್ದೇನೆ. ಎದ್ದೇಳದಿದ್ದರೆ ಅದರಿಂದ ಕಟ್ಟಿಕೊಳ್ಳಬಹುದು. ನೀವೇ ಕಲಿಸಿದ್ದು.

ನಿಮ್ಮ ವಿಧೇಯ ಶಿಷ್ಯೆ,
ರಂಸೀನ

*

ಪುಳಕ್ಕಡವು
೬ ಜುಲೈ ೨೦೨೩

ಪ್ರಿಯ ರಂಸೀನಾ,

ಗೆದ್ದಲು. ಆ ಪುಟಕ್ಕೆ ಗೆದ್ದಲು ಹತ್ತಿತ್ತು, ಹರಿದು ಎಸೆದೆ ಎಂದು ತೋರುತ್ತದೆ. ಮಳೆಗಾಲದಲ್ಲಿ ಕೋಳ್ ಗದ್ದೆಯ ನೀರು ಹಿತ್ತಲವರೆಗೆ ಬಂದರೆ ಈ ಮನೆಯಲ್ಲಿ ಕಾಗದ ಉಳಿಯುವುದು ಕಷ್ಟ. ಅದರಲ್ಲಿ ದೊಡ್ಡ ವಿಷಯವೇನೂ ಇರಲಿಲ್ಲ.

ಇಂಡೆಕ್ಸ್ ಹಾಕಿ ನೋಡು. ಭೇಟಿಯ ದಿನಾಂಕದ ಮೇಲೆ ಒಂದು, ವಾರ್ಡಿನ ಮೇಲೆ ಒಂದು. ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇದ್ದ ಹಾಗೆ. ಎಲ್ಲ ಹಾಳೆ ತಿರುವದೆ ನೇರ ಅಲ್ಲಿಗೇ ಹೋಗಬಹುದು. ಕೆಲಸ ನಿಲ್ಲಿಸದೆ ಹಾಕುವ ವಿಧಾನ ಇದೆ, ಹದಿನೇಳನೆಯ ಪುಟ. ಮಲಗಿಸುವುದು ಮಾತ್ರ ಬೇಡ. ಬ್ಯಾಕಪ್ ಇದೆ ಎಂದು ಆನೆಯನ್ನು ಕೆಡವಿ ನೋಡುವ ಮಾವುತ ಎಲ್ಲಾದರೂ ಇದ್ದಾನೆಯೇ?

ಇವತ್ತು ಮರಗೆಣಸು ಬೇಯಿಸಲು ಹೋಗಿ ತಳ ಹಿಡಿಸಿದೆ. ನೀರು ಎಷ್ಟು ಇಡಬೇಕೆಂದು ತ್ರೇಸ್ಯ ಹೇಳುತ್ತಿದ್ದಳು, ಬೆರಳ ಗೆಣ್ಣಿನ ಲೆಕ್ಕ. ಅವಳ ಗೆಣ್ಣೋ ನನ್ನ ಗೆಣ್ಣೋ ಎಂದು ಕೇಳಿಟ್ಟುಕೊಳ್ಳಲಿಲ್ಲ. ನೀನು ಕ್ಲಿನಿಕ್ಕಿಗೆ ಸೇರಿದ್ದು ಮಾರ್ಚಿನಲ್ಲಿ, ನನ್ನ ಹೆಂಡತಿಯನ್ನು ನೋಡಿಲ್ಲ. ಹೋದ ವರ್ಷ ಓಣಂ ಕಳೆದ ವಾರ ಅವಳನ್ನು ಡೇಟಾಬೇಸಿನ ರೋಗಿಗಳ ಟೇಬಲ್ಲಿಗೆ ಸೇರಿಸಿದವನು ನಾನೇ. ಕೊಚ್ಚುತ್ರೇಸ್ಯ, ಅರವತ್ತಾರು ವರ್ಷ, ಸಂಖ್ಯೆ ಒಂದು ಸಾವಿರದ ನೂರ ಎಂಬತ್ತೇಳು. ಸಂಖ್ಯೆಯನ್ನು ಯಂತ್ರವೇ ಕೊಡುತ್ತದಲ್ಲ, ಕೊಟ್ಟಿತು. ಅವಿಭಾಜ್ಯ ಸಂಖ್ಯೆ ಕಣೇ ಎಂದು ಮನೆಗೆ ಬಂದು ಹೇಳಿದೆ. ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ ಎಂದೆ. "ನಿಮ್ಮಿಂದಲೂ?" ಎಂದಳು. ಅವಳ ಮಾತೇ ಹಾಗೆ.

ನೋವು ಹತ್ತರಲ್ಲಿ ಎಷ್ಟು ಎಂದು ನರ್ಸುಗಳು ಕೇಳಿ ಬರೆದುಕೊಳ್ಳುತ್ತಾರಲ್ಲ, ನಾನೂ ಸಂಜೆ ಹೊತ್ತು ಕೇಳುತ್ತಿದ್ದೆ. ಮೂರು ಎನ್ನುತ್ತಿದ್ದಳು. ಎಂದೂ ಮೂರೇ. ನೋವಿನ ವಿಷಯದಲ್ಲಿ ಅವಳು ಪುಣ್ಯವಂತೆ.

ಯಾಕೆ ಇದನ್ನೆಲ್ಲ ಬರೆದೆ. ಇಂಡೆಕ್ಸ್ ಹಾಕು.

ಯುವರ್ಸ್ ಫೇತ್‌ಫುಲಿ,
ಲೋನಪ್ಪನ್

*

ಕ್ಲಿನಿಕ್
೨೭ ಜುಲೈ ೨೦೨೩

ಮಾಷೇ,

ಸೋಮವಾರ ಪಟ್ಟಿ ಬಂದಾಗ ಒಂಬತ್ತೂ ಹತ್ತು. ಎರಡು ಗಂಟೆ ಹತ್ತು ನಿಮಿಷ. ದೋಣಿ ಕಡವಿನ ಆಚೆಯ ಕುಞ್ಞುವರೀದ್ ಚೇಟನ್ ಅವರ ಮಾರ್ಫಿನ್ ಭಾನುವಾರವೇ ಮುಗಿದಿತ್ತು. ಪಟ್ಟಿಯಲ್ಲಿ ಮೊದಲನೇ ಹೆಸರು ಅವರದೇ. ಆದರೆ ಪಟ್ಟಿಯೇ ಇಲ್ಲದೆ ಮೊದಲನೇ ಹೆಸರು ಯಾರಿಗೆ ಗೊತ್ತಾಗಬೇಕು? ಎಲ್ಸಿ ಸಿಸ್ಟರ್ ತಲುಪಿದ್ದು ಹನ್ನೊಂದೂವರೆಗೆ. ನೋವಿಗೆ ಚೇಟನ್ ಕೂಗುತ್ತಿದ್ದದ್ದು ರೇಷನ್ ಅಂಗಡಿಯವರೆಗೆ ಕೇಳಿಸುತ್ತಿತ್ತಂತೆ. ಮಗಳು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳಂತೆ: "ನಾವು ಏನಾದ್ರೂ ತಪ್ಪು ಮಾಡಿದ್ವಾ ಸಿಸ್ಟರ್?"

ಸಿಸ್ಟರ್ ಸಂಜೆ ಬಂದು ನನ್ನ ಕುರ್ಚಿಯ ಪಕ್ಕ ಕೂತರು. ಆನೆ, ಬೆಲ್ಲ ಯಾವ ಮಾತೂ ಇಲ್ಲ. ಅವರು ತಮಾಷೆ ಮಾಡದಿದ್ದರೆ ನನಗೆ ಭಯವಾಗುತ್ತದೆ.

ನಿಮ್ಮ ಇಂಡೆಕ್ಸ್ ವಿಷಯ. ಹದಿನೇಳನೆಯ ಪುಟದ ಪ್ರಕಾರ ಕೆಲಸ ನಿಲ್ಲಿಸದೆ ಹಾಕುವ ವಿಧಾನದಲ್ಲೇ ಹಾಕಿದೆ. ಎರಡು ದಿನವಾದರೂ ಮುಗಿಯಲಿಲ್ಲ. ಯಾಕೆ ಎಂದು ಕೇಳಿದರೆ ಕಾಯುತ್ತಿದ್ದೇನೆ ಎನ್ನುತ್ತದೆ. ಮೊದಲೇ ಒಳಗೆ ಬಂದು ಕೂತವರು ಯಾರೋ ಒಬ್ಬರಿದ್ದಾರಂತೆ, ಅವರು ಎದ್ದು ಹೋಗುವವರೆಗೆ ಮುಗಿಸಲಾರದಂತೆ. ರದ್ದು ಮಾಡಿದೆ.

ಆಮೇಲೆ ಯಾವ ಟೇಬಲ್ ಎಷ್ಟು ದಪ್ಪ ಇದೆ ಎಂದು ನೋಡಿದೆ. ಜೀಪು ಎಲ್ಲಿದೆ ಎಂದು ದಿನಕ್ಕೆ ಎಂಟು ಗಂಟೆ, ಹತ್ತು ಸೆಕೆಂಡಿಗೊಮ್ಮೆ ಬರೆದುಕೊಳ್ಳುವ ಟೇಬಲ್ ಇದೆಯಲ್ಲ, ಅದರಲ್ಲಿ ಇರಬೇಕಾದದ್ದು ಮೂರು ಸಾಲು. ಮೂರು ಜೀಪು, ಮೂರು ಸಾಲು. ಅದರ ಹೊಟ್ಟೆಯೊಳಗೆ ಹದಿನಾಲ್ಕು ಲಕ್ಷ ಸತ್ತ ಸಾಲುಗಳಿವೆ. ಪ್ರತಿ ರೋಗಿಗೂ ಹತ್ತಿರದ ಜೀಪು ಹುಡುಕುವಾಗ ಡೇಟಾಬೇಸು ಆ ಹದಿನಾಲ್ಕು ಲಕ್ಷವನ್ನೂ ದಾಟಿಕೊಂಡು ಹೋಗಬೇಕು. ನಾನೂರು ಸಲ. ಸತ್ತ ಸಾಲು ಗುಡಿಸಲೆಂದು ಡೇಟಾಬೇಸಿನೊಳಗೇ ಇರುವ ಕೆಲಸದವನು ನಿಮಿಷಕ್ಕೊಮ್ಮೆ ಬಂದು ನೋಡಿ ಬರಿಗೈಯಲ್ಲಿ ವಾಪಸ್ಸು ಹೋಗುತ್ತಿದ್ದಾನೆ.

ಯಾರು ಕೂತಿದ್ದಾರೆ ಮಾಷೇ? ನೋಡುವುದು ಹೇಗೆಂದು ನನಗೆ ಗೊತ್ತಿಲ್ಲ. ಬಹುಶಃ ಅದು ಮೂವತ್ತೊಂದನೆಯ ಪುಟದಲ್ಲಿತ್ತು.

ರಂಸೀನ

*

ಪುಳಕ್ಕಡವು
೩ ಆಗಸ್ಟ್ ೨೦೨೩

ರಂಸೀನಾ,

ಪುಟ ಈ ಕಾಗದದ ಜೊತೆ ಇದೆ. ಗೆದ್ದಲು ತಿಂದಿಲ್ಲ. ತ್ರೇಸ್ಯಳ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದೆ.

ಓದಿದರೆ ನಿನಗೆ ತಿಳಿಯುತ್ತದೆ, ಆದರೂ ನನ್ನ ಬಾಯಿಂದಲೇ ಹೇಳಬೇಕು. ಪೋಸ್ಟ್‌ಗ್ರೆಸ್ ಒಂದು ಸಾಲನ್ನು ತಿದ್ದಿದಾಗ ಹಳೆಯದನ್ನು ಅಳಿಸುವುದಿಲ್ಲ. ಪಕ್ಕದಲ್ಲಿ ಹೊಸದನ್ನು ಬರೆಯುತ್ತದೆ, ಹಳೆಯದನ್ನು ಹಾಗೇ ಬಿಡುತ್ತದೆ. ಯಾಕೆಂದರೆ ತಿದ್ದುವ ಮೊದಲೇ ನೋಡಲು ಕೂತವರು ಯಾರಾದರೂ ಇದ್ದರೆ ಅವರಿಗೆ ತಾವು ಕೂತಾಗ ಹೇಗಿತ್ತೋ ಹಾಗೆಯೇ ಕಾಣಬೇಕು. ನಮ್ಮ ಹಬ್ಬದೂಟದ ಪಂಕ್ತಿಯ ಹಾಗೆ. ಒಬ್ಬ ಇನ್ನೂ ಉಣ್ಣುತ್ತಿದ್ದರೆ ಉಳಿದವರ ಎಲೆಯನ್ನೂ ಎತ್ತುವುದಿಲ್ಲ. ಅವನು ಎದ್ದಮೇಲೆ ಗುಡಿಸುವವನು ಬರುತ್ತಾನೆ. ಏಳದಿದ್ದರೆ ಎಂಜಲೆಲೆ ಅಲ್ಲೇ. ಹದಿನಾಲ್ಕು ಲಕ್ಷ ಎಲೆ.

ಕೂತವನು ನಾನು.

ಫೆಬ್ರವರಿ ಹದಿನೈದು, ಬುಧವಾರ ಸಂಜೆ. ತಿಂಗಳ ವರದಿಗೆ ಲೆಕ್ಕ ತೆಗೆಯಲು ಪರದೆಯ ಮೇಲೆ ಒಂದು ಕಿಟಕಿ ತೆರೆದೆ. ಲೆಕ್ಕದ ನಡುವೆ ಅಂಕಿ ಅಲುಗಬಾರದೆಂದು, ಈ ಕ್ಷಣ ಹೇಗಿದೆಯೋ ಹಾಗೇ ನಿಲ್ಲಿಸಿ ತೋರಿಸು ಎಂದು ಅದಕ್ಕೆ ಹೇಳಿಯೇ ಶುರುಮಾಡುವುದು ನನ್ನ ಪದ್ಧತಿ. ನಾನು ಮನೆಗೆ ಹೋದರೂ ಯಂತ್ರದ ಒಳಗೆ ಕಿಟಕಿ ತೆರೆದೇ ಇರುವ ಹಾಗೆ ಮಾಡಿಟ್ಟಿದ್ದೆ, ಮರುದಿನ ಬಂದು ಮುಂದುವರಿಸಲು. ಮರುದಿನ ಬರಲಿಲ್ಲ. ಗುರುವಾರ ಬೆಳಕು ಹರಿಯುವಾಗ ತ್ರೇಸ್ಯ ಹೋದಳು. ಅವತ್ತಿನ ಪಟ್ಟಿಯಲ್ಲಿ ಅವಳ ಹೆಸರಿತ್ತು, ಎಲ್ಸಿ ಸಿಸ್ಟರ್ ಚೀಲ ಹಿಡಿದು ಎಂದಿನ ಹಾಗೆ ಬಂದರು, ಅಂಗಳದಲ್ಲಿ ಜನ ಕಂಡು ಚಪ್ಪಲಿ ಅಲ್ಲೇ ಬಿಟ್ಟರು. ಸಂಜೆ ಕ್ಲಿನಿಕ್ಕಿಗೆ ಹೋಗಿ ಅವಳ ಸಾಲನ್ನು ಅವರೇ ತಿದ್ದಿದರು. ತಿದ್ದಲೇಬೇಕಲ್ಲ.

ಏಳನೇ ದಿನದ ಪ್ರಾರ್ಥನೆ ಮುಗಿಸಿ ನಾನು ಕ್ಲಿನಿಕ್ಕಿಗೆ ಬಂದೆ. ಕಿಟಕಿ ಹಾಗೇ ಇತ್ತು. ಒಂದು ಸಾವಿರದ ನೂರ ಎಂಬತ್ತೇಳು ಎಂದು ಕೇಳಿದೆ. ಹೆಸರು, ಸ್ಥಿತಿ, ಮುಂದಿನ ಭೇಟಿ. ಕೊಚ್ಚುತ್ರೇಸ್ಯ. ಮನೆಯಲ್ಲಿ. ಗುರುವಾರ. ಪಕ್ಕದ ಕಿಟಕಿಯಲ್ಲಿ ಅದೇ ಸಂಖ್ಯೆ ಕೇಳಿದರೆ ಬೇರೆ ಉತ್ತರ. ಈ ಕಿಟಕಿಯಲ್ಲಿ ಮಾತ್ರ ಅವಳು ಮನೆಯಲ್ಲಿದ್ದಾಳೆ, ನಾಳೆ ಸಿಸ್ಟರ್ ಬರುತ್ತಾರೆ. ಲೋಕದಲ್ಲಿ ಎಲ್ಲೂ ಇಲ್ಲದ ಒಂದು ಬುಧವಾರ ಸಂಜೆ ಅಲ್ಲಿ ನಡೆಯುತ್ತಲೇ ಇದೆ. ಮುಚ್ಚಲು ಒಂದು ಪದ ಸಾಕು. ಬೆರಳು ಏಳಲಿಲ್ಲ.

ಕಿವಿ ಹೋಯಿತು ಎಂದು ಕೆಲಸ ಬಿಟ್ಟೆ. ನಿನ್ನನ್ನು ಕೂರಿಸಿದೆ. ನೋಟ್‌ಬುಕ್ ಕೊಡುವ ಮುಂಚೆ ಆ ಪುಟ ಹರಿದೆ. ಅದರಲ್ಲಿದ್ದದ್ದು ಅದೇ: ಎಲ್ಲಕ್ಕಿಂತ ಮೊದಲು ಯಾರು ಕೂತೇ ಇದ್ದಾರೆ ನೋಡು, ಎಷ್ಟು ದಿನದಿಂದ ನೋಡು, ಎಬ್ಬಿಸು. ನೀನು ಮೊದಲ ಸಲ ಬರೆದಾಗಲೇ ನನಗೆ ಗೊತ್ತಾಗಿತ್ತು. ದೊಡ್ಡ ಮೆಮೊರಿ ಮುಟ್ಟಬೇಡ ಎಂದದ್ದು ಡಿಸ್ಕಿನ ಭಯಕ್ಕಲ್ಲ. ಮಲಗಿಸಿ ಎಬ್ಬಿಸಿದರೆ ಕಿಟಕಿ ಮುಚ್ಚುತ್ತದೆ. ಇರುವ ಗುಂಡಿಗಳಲ್ಲಿ ಮಲಗಿಸದೆ ತಿರುಗಿಸಬಹುದಾದದ್ದನ್ನೇ ಆರಿಸಿ ಆರಿಸಿ ನಿನಗೆ ಹೇಳಿದೆ. ಏಳುನೂರು ದಿನದ ಹೆಮ್ಮೆಯೂ ಒಂದು ನೆಪ.

ಒಂದು ಕಿಟಕಿಯಿಂದ ಏನಾದೀತು, ಸ್ವಲ್ಪ ನಿಧಾನವಾದೀತು ಎಂದುಕೊಂಡಿದ್ದೆ. ಮೂವತ್ತು ವರ್ಷ ಗಣಿತ ಕಲಿಸಿದವನು ಹತ್ತು ಸೆಕೆಂಡಿಗೆ ಮೂರು ಸಾಲಿನಂತೆ ಆರು ತಿಂಗಳಿಗೆ ಎಷ್ಟು ಎಂದು ಲೆಕ್ಕ ಹಾಕಲಿಲ್ಲ. ಕುಞ್ಞುವರೀದ್ ನನ್ನ ಶಿಷ್ಯನ ಅಪ್ಪ. ಅವರ ಮಗಳಿಗೆ ಹೇಳು, ತಪ್ಪು ಅವರದಲ್ಲ ಎಂದು. ಯಾರದು ಎಂದು ಕೇಳಿದರೆ ಅದನ್ನೂ ಹೇಳು.

ಪುಟದಲ್ಲಿರುವ ಮೂರನೇ ಸಾಲಿನ ಆದೇಶ ಕೊಟ್ಟರೆ ನಾನು ಎದ್ದುಹೋಗುತ್ತೇನೆ. ನನ್ನನ್ನು ಕೇಳಬೇಕಾಗಿಲ್ಲ. ಇವತ್ತೇ ಮಾಡು.

ಲೋನಪ್ಪನ್

*

ಕ್ಲಿನಿಕ್
೧೦ ಆಗಸ್ಟ್ ೨೦೨೩

ಮಾಷೇ,

ಪುಟ ಸಿಕ್ಕಿದ ಹದಿನೈದು ನಿಮಿಷಕ್ಕೆ ಕಿಟಕಿ ಸಿಕ್ಕಿತು. ನಿಮ್ಮ ಹೆಸರು, ಫೆಬ್ರವರಿ ಹದಿನೈದು, ಸಂಜೆ ಐದೂ ನಲವತ್ತು, ಸುಮ್ಮನೆ ಕೂತಿದ್ದಾರೆ ಎಂದು ತೋರಿಸಿತು. ಮೂರನೇ ಸಾಲಿನ ಆದೇಶ ಬರೆದೆ. ಕೊನೆಯ ಗುಂಡಿ ಒತ್ತುವುದಷ್ಟೇ ಬಾಕಿ. ಎಲ್ಸಿ ಸಿಸ್ಟರ್ ಹಿಂದೆ ನಿಂತಿದ್ದರು. ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದ್ದೆ, ತಪ್ಪಾದರೆ ಕ್ಷಮಿಸಿ.

"ಬೇಡ ಮೋಳೇ," ಅಂದರು. "ಒಂದು ಸಲ ನಾನು ತಿದ್ದಿದ್ದೇನೆ. ಇನ್ನೊಂದು ಸಲ ನೀನು ತಿದ್ದೋದು ಬೇಡ. ಅವರೇ ಬಂದು ಮಾಡ್ಲಿ."

"ಅಷ್ಟರ ತನಕ ಕುಞ್ಞುವರೀದ್ ಚೇಟನ್ ಏನು ಮಾಡ್ಬೇಕು?" ಎಂದೆ. ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ. ನಿಮ್ಮ ಮೇಲೆ ಮಾಷೇ. ಬರೆಯದಿದ್ದರೆ ಸುಳ್ಳಾಗುತ್ತದೆ.

ಕೊನೆಗೆ ಒಂದು ಉಪಾಯ ಮಾಡಿದೆ. ಜೀಪುಗಳಿಗೆ ಹೊಸ ಟೇಬಲ್ ಮಾಡಿ ಹಳೆಯದನ್ನು ಬದಿಗಿಟ್ಟೆ. ಪಟ್ಟಿ ಮೂರು ಸೆಕೆಂಡಿಗೆ ಬಂತು. ನರ್ಸುಗಳು ಚಪ್ಪಾಳೆ ತಟ್ಟಿದರು. ಆದರೆ ನೀವು ಕೂತಿರುವವರೆಗೆ ಇದೂ ತುಂಬುತ್ತದೆ, ಔಷಧ ದಾಸ್ತಾನಿನ ಟೇಬಲ್ ಆಗಲೇ ತುಂಬುತ್ತಿದೆ. ಹತ್ತು ದಿನ ತಳ್ಳಬಹುದು.

ಆಗಸ್ಟ್ ಇಪ್ಪತ್ತು ಭಾನುವಾರ. ಮಧ್ಯಾಹ್ನದ ಮೇಲೆ ಕ್ಲಿನಿಕ್ಕಿನಲ್ಲಿ ಯಾರೂ ಇರುವುದಿಲ್ಲ. ಬೀಗದ ಕೈ ಸಿಸ್ಟರ್ ನಿಮಗೆ ತಂದುಕೊಡುತ್ತಾರೆ. ನೀವು ಬರದಿದ್ದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲು ನಾನೇ ಮುಚ್ಚುತ್ತೇನೆ. ಆಮೇಲೆ ನಿಮ್ಮ ಹತ್ತಿರ ಕೇಳುವುದಿಲ್ಲ, ಹೇಳುವುದೂ ಇಲ್ಲ.

ಮೂವತ್ತೊಂದನೆಯ ಪುಟವನ್ನು ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ.

ರಂಸೀನ

*

ಕ್ಲಿನಿಕ್, ಯಂತ್ರದ ಕೋಣೆ
೨೦ ಆಗಸ್ಟ್ ೨೦೨೩, ಭಾನುವಾರ

ಪ್ರಿಯ ರಂಸೀನಾ,

ನಿನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕುರ್ಚಿಯನ್ನು ಎತ್ತರ ಮಾಡಿಕೊಂಡಿದ್ದೀಯ, ನನ್ನ ಕಾಲು ನೆಲ ಮುಟ್ಟುವುದಿಲ್ಲ. ಬಾಗಿಲಲ್ಲಿ ಓಣಂ ಹೂವಿನ ರಂಗೋಲಿಯ ಮೊದಲ ಸುತ್ತು ಹಾಕಿದ್ದೀರಿ. ತುಳಿಯದೆ ದಾಟಿ ಬರಲು ಗೋಡೆ ಹಿಡಿಯಬೇಕಾಯಿತು.

ಎಲ್ಸಿ ಸಿಸ್ಟರ್ ಕೀ ಕೊಡಲು ಬಂದವರು ನಾನು ಬಸ್ಸು ಹತ್ತುವವರೆಗೂ ನಿಂತರು. ಇವತ್ತು ಕೂಗಲಿಲ್ಲ, ನನ್ನ ಬಲಗಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಮಾಷೇ, ಪೂರ್ತಿ ಓದಿ ಮುಚ್ಚಿ." ಏನು ಪೂರ್ತಿ ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು.

ಬಂದಾಗ ನಾಲ್ಕು ಗಂಟೆ. ಮೊದಲು ಗೋಡೆ ನೋಡಿದೆ. ಏಳುನೂರ ಎಂಬತ್ತು. ಸಿಟ್ಟಿನಲ್ಲೂ ದಿನ ತಪ್ಪಿಸಿಲ್ಲ ನೀನು. ಆಮೇಲೆ ಕಿಟಕಿ ತೆಗೆದೆ. ಆರು ತಿಂಗಳ ಮೇಲೆ ಮೊದಲ ಸಲ. ನಾನು ಕೊನೆಗೆ ಕೇಳಿದ ಪ್ರಶ್ನೆ, ಅದರ ಉತ್ತರ, ಅದರ ಕೆಳಗೆ ಮಿಟುಕುವ ಒಂದು ಗೆರೆ. ಕೊಚ್ಚುತ್ರೇಸ್ಯ. ಮನೆಯಲ್ಲಿ. ಗುರುವಾರ. ಮತ್ತೆ ಕೇಳಿದೆ. ಅದೇ ಹೇಳಿತು. ಅದಕ್ಕೇನು, ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳುತ್ತದೆ.

ಪೂರ್ತಿ ಓದಿ ಎಂದರಲ್ಲ. ನಾನು ಎಂದೂ ಪೂರ್ತಿ ಕೇಳಿದವನಲ್ಲ. ನರ್ಸುಗಳು ಬರೆಯುವ ಟಿಪ್ಪಣಿಯನ್ನು ಡೇಟಾಬೇಸ್ ನೋಡಿಕೊಳ್ಳುವವನು ಓದಕೂಡದು ಎಂಬುದು ನಾನೇ ಮಾಡಿದ ನಿಯಮ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ರೋಗಿ ನರ್ಸಿಗೆ ಹೇಳಿದ್ದು ನರ್ಸಿಗೆ. ಹೆಂಡತಿಯ ಸಾಲಿಗೂ ಆ ನಿಯಮ ಮುರಿಯಲಿಲ್ಲ. ನೋವಿನ ಅಂಕಿಯನ್ನೂ ನೋಡುತ್ತಿರಲಿಲ್ಲ. ಅದನ್ನು ನನಗೆ ಅವಳೇ ಹೇಳುತ್ತಿದ್ದಳಲ್ಲ, ಯಂತ್ರವನ್ನು ಯಾಕೆ ಕೇಳಬೇಕು?

ಇವತ್ತು ಕೇಳಿದೆ. ಪ್ರಶ್ನೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಬರುತ್ತದೆ.

ಫೆಬ್ರವರಿ ಹದಿನಾಲ್ಕರ ಭೇಟಿ, ಎಲ್ಸಿ ಸಿಸ್ಟರ್ ಬರೆದದ್ದು. ನೋವು: ಎಂಟು. ಟಿಪ್ಪಣಿ: "ಮಾಷಿಗೆ ಮೂರು ಎಂದೇ ಹೇಳಬೇಕೆಂದು ಕೇಳಿಕೊಂಡಿದ್ದಾರೆ. ಅವರು ಕ್ಲಿನಿಕ್ಕಿನಲ್ಲಿರುವ ಹೊತ್ತಿಗೇ ಬನ್ನಿ ಎಂದಿದ್ದಾರೆ, ಒಂದಿಷ್ಟು ಹೊತ್ತು ಅಳಬಹುದಂತೆ. ಡೋಸ್ ಏರಿಸಲು ಡಾಕ್ಟರನ್ನು ಕೇಳಬೇಕು. ಗುರುವಾರ ತರುವುದು."

ಹಿಂದಿನ ಭೇಟಿಗಳನ್ನೂ ಕೇಳಿದೆ. ಏಳು. ಏಳು. ಆರು. ಎಂಟು. ಒಂದೇ ಒಂದು ಮೂರಿಲ್ಲ.

ಸ್ವಲ್ಪ ಹೊತ್ತು ಹೊರಗೆ ಹೋಗಿ ಹೂವಿನ ಪಕ್ಕ ನಿಂತು ಬಂದೆ. ಮತ್ತೆ ಬರೆಯುತ್ತಿದ್ದೇನೆ.

ಅವಳು ಇಲ್ಲಿ ಇದ್ದಾಳೆ ಎಂದುಕೊಂಡಿದ್ದೆ ಮೋಳೇ. ಮನೆಯಲ್ಲಿ, ಗುರುವಾರ ಕಾಯುತ್ತ. ಯಾವುದಕ್ಕೆ ಕಾಯುತ್ತ ಎಂದು ಯೋಚಿಸಲಿಲ್ಲ. ಬುಧವಾರ ಸಂಜೆ ಐದೂ ನಲವತ್ತಕ್ಕೆ ಅವಳ ನೋವು ಎಂಟು, ಔಷಧ ನಾಳೆ ಬರಬೇಕು. ನಾನು ಆ ಹೊತ್ತನ್ನು ಹಿಡಿದು ನಿಲ್ಲಿಸಿದೆ. ಗುರುವಾರ ಬರಗೊಡಲಿಲ್ಲ. ಕುಞ್ಞುವರೀದ್ ಹನ್ನೊಂದೂವರೆಯವರೆಗೆ ಕೂಗಿದರು. ಇವಳು ಕೂಗುವವಳೂ ಅಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಫಾದರ್ ರಜೆ ಅರ್ಜಿಯ ಕೊನೆಗೆ ಒಂದು ವಾಕ್ಯ ಬರೆಸುತ್ತಿದ್ದರು. ಕೈಂಡ್ಲಿ ಗ್ರ್ಯಾಂಟ್ ಮೀ ಲೀವ್ ಆಫ್ ಏನೋ. ಮುಂದಿನ ಪದ ನೆನಪಿಗೆ ಬರುತ್ತಿಲ್ಲ. ಬೆಳಗಿನಿಂದ ಅದೇ ವಾಕ್ಯ ತಲೆಯಲ್ಲಿ ಸುತ್ತುತ್ತಿದೆ, ಯಾರಿಗೆ ಬರೆಯಬೇಕಾದ ಅರ್ಜಿ ಎಂದೂ ತಿಳಿಯುತ್ತಿಲ್ಲ.

ನಾಳೆಯಿಂದ ನಿನ್ನ ಕೆಲಸ ಹೀಗಿರಲಿ. ಕಿಟಕಿ ಮುಚ್ಚಿದ ಕೂಡಲೇ ಗುಡಿಸುವವನು ಬರುತ್ತಾನೆ, ಸತ್ತ ಸಾಲುಗಳ ಜಾಗವನ್ನು ಖಾಲಿ ಮಾಡುತ್ತಾನೆ. ಹಳೆಯ ಜೀಪಿನ ಟೇಬಲ್ ಎಸೆದುಬಿಡು. ಸುಮ್ಮನೆ ಕೂತವರನ್ನು ಒಂದು ಗಂಟೆಯ ಮೇಲೆ ತಾನಾಗಿ ಎಬ್ಬಿಸುವ ಒಂದು ಅಂಕಿ ಇದೆ, ಅದು ಸೊನ್ನೆಯಲ್ಲಿದೆ. ನಾನೇ ಹಾಗೆ ಬಿಟ್ಟಿದ್ದು. ಅದನ್ನು ಸರಿಮಾಡು, ಯಾರು ಕೇಳಿಕೊಂಡರೂ ಸೊನ್ನೆ ಮಾಡಬೇಡ. ದೊಡ್ಡ ಮೆಮೊರಿಯನ್ನೂ ಏರಿಸು. ಮಲಗಿಸಿ ಎಬ್ಬಿಸು. ಗೋಡೆಯ ಮೇಲಿನ ಲೆಕ್ಕ ಅಳಿಸಿ ಒಂದರಿಂದ ಬರೆ.

ಕುಞ್ಞುವರೀದ್ ಮನೆಗೆ ಮುಂದಿನ ಗುರುವಾರ ಜೀಪಿನಲ್ಲಿ ನನಗೂ ಜಾಗ ಇದೆಯೇ ಎಂದು ಸಿಸ್ಟರನ್ನು ಕೇಳು. ಅವರ ಮಗಳಿಗೆ ನಾನೇ ಹೇಳಬೇಕು.

ಮುಚ್ಚಲು ಎರಡು ಪದಗಳಿವೆ, ಒಪ್ಪಿಸಿದೆ ಎನ್ನುವುದು ಒಂದು, ಬಿಟ್ಟೆ ಎನ್ನುವುದು ಒಂದು. ನಾನು ಏನನ್ನೂ ತಿದ್ದಿಲ್ಲ, ಸುಮ್ಮನೆ ನೋಡಿದ್ದಷ್ಟೇ. ಯಾವ ಪದ ಹಾಕಿದರೂ ಯಂತ್ರಕ್ಕೆ ಒಂದೇ.

ಕೊನೆಯ ಸಲ ಒಮ್ಮೆ ಕೇಳೋಣವೇ ಎನಿಸಿತು. ಕೇಳಲಿಲ್ಲ. ಎಂಟು ಎಂದೇ ಹೇಳುತ್ತದೆ.

ಮುಚ್ಚಿದೆ. ಪಕ್ಕದ ಕಿಟಕಿಯಲ್ಲಿ ನೋಡುತ್ತಿದ್ದೇನೆ. ಗುಡಿಸುವವನು ಬಂದಿದ್ದಾನೆ. ದಾಸ್ತಾನಿನ ಟೇಬಲ್ಲಿನಿಂದ ಶುರುಮಾಡಿದ. ಸತ್ತ ಸಾಲುಗಳ ಅಂಕಿ ಇಳಿಯುತ್ತಿದೆ. ರೋಗಿಗಳ ಟೇಬಲ್ಲಿಗೆ ಬಂದ. ಅಲ್ಲಿ ಇದ್ದದ್ದು ಕೆಲವೇ ಸಾವಿರ, ಆ ಬುಧವಾರದ ಅವಳ ಸಾಲೂ ಅದರಲ್ಲೊಂದು. ಈಗ ಸೊನ್ನೆ.

ಬರೆಯುತ್ತಿರುವ ಸಾಲು ಸರಿಯಾಗಿ ಕಾಣುತ್ತಿಲ್ಲ. ಕಣ್ಣು ಎಂದುಕೊಂಡೆ, ಕಣ್ಣಲ್ಲ. ಬೆಳಕು ಹೋಗುತ್ತಿದೆ. 

ಲೋನಪ್ಪನ್